ಸ್ವರಾಳನ್ನು ಕರೆದುಕೊಂಡು ಮುಂಬೈಗೆ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿದ್ದ ಮೂರನೆಯ ದಿನ ಬೆಳಿಗ್ಗೆ ನಾವು ನಾಲ್ವರು ಯಲವಿಗಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ಪ್ಯಾಸೆಂಜರ್ ಗಾಡಿ ಹತ್ತಿದೆವು: ನಾನು, ನನ್ನ ತಂಗಿ ಗಿರಿಜಾ, ಅವಳ ಮಗ ಶರಣು, ಮಗಳು ಸ್ವರಾ. ಶರಣುವಿಗೆ ಎಂಟು ವರ್ಷ, ಸ್ವರಾಗೆ ನಾಲ್ಕು. ಇಬ್ಬರೂ ಸಮುದ್ರ ಕಂಡವರಲ್ಲ. ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಮುಂಬೈ ಗಾಡಿ ಹಿಡಿದರೆ ಮರುದಿನ ಬೆಳಿಗ್ಗೆ ದಾದರ್. ಸಾಮಾನು ಎಂದರೆ ಎರಡು ಬ್ಯಾಗು, ರೊಟ್ಟಿ ಚಟ್ನಿಯ ಬುತ್ತಿಗಂಟು, ಹಾನಗಲ್ಲಿನಿಂದ ತರಿಸಿದ್ದ ಆಪೂಸ್ ಮಾವಿನಹಣ್ಣಿನ ಒಂದು ಬುಟ್ಟಿ. ನಾನು ಶಿಗ್ಗಾಂವಿಯಿಂದ ಮೊದಲ ಬಸ್ಸಿಗೆ ಸವಣೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವರನ್ನು ಕೂಡಿಕೊಂಡಿದ್ದೆ.

ಮುಂಬೈ ನೋಡಲು ಹೋಗುತ್ತಿದ್ದೇವೆ ಎಂದು ಮಕ್ಕಳಿಗೆ ಹೇಳಲಾಗಿತ್ತು. ದೊಡ್ಡವರಿಗೆ ಬೇರೆ ಕೆಲಸವಿತ್ತು. ಗಿರಿಜಾಳ ಗಂಡ ಈರಣ್ಣನ ಅಣ್ಣ ಮಲ್ಲಣ್ಣ ಮುಂಬೈಯ ಪರಳದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವರ ಹೆಂಡತಿ ಸುಮಿತ್ರಾ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯವರು. ಮದುವೆಯಾಗಿ ಹದಿನಾರು ವರ್ಷ, ಮಕ್ಕಳಿಲ್ಲ. ಗಿರಿಜಾ ಎರಡನೆಯ ಸಲ ಬಸುರಿಯಾದಾಗ, ಕುಬಸ ಮಾಡಿದ ದಿನ, ಸೀಮಂತಕ್ಕೆ ನೆರೆದ ಮಂದಿಯ ಮುಂದೆ ಅವಳ ಅತ್ತೆ ನಿಂಗವ್ವ, “ಈ ಹುಟ್ಟೂ ಕೂಸನ್ನ ಸುಮಿತ್ರಾನ ಉಡಿಯಾಗ ಹಾಕ್ತೇನಿ” ಎಂದುಬಿಟ್ಟರು. ನಮ್ಮ ಕಡೆ ಉಡಿಯಲ್ಲಿ ಹಾಕುವುದೆಂದರೆ ದತ್ತು ಕೊಡುವ ಮಾತು. ಹೆತ್ತವಳು ಕೂಸನ್ನು ಎತ್ತಿ ಇನ್ನೊಬ್ಬಳ ಸೆರಗಿನ ಮಡಿಲಿಗೆ ಇಟ್ಟರೆ ಕೊಟ್ಟ ಹಾಗೆ. ಅಂದು ಯಾರೂ ಎದುರಾಡಲಿಲ್ಲ, ಗಿರಿಜಾ ಕೂಡ. ತೊಟ್ಟಿಲಿಗೆ ಹಾಕಿದಾಗ ಹೆಸರು ಆರಿಸಿದವರು ಸುಮಿತ್ರಾ. ನಿಂಗವ್ವನವರ ನಾಲಿಗೆಯಲ್ಲಿ ಸ್ವರಾ ಸರವ್ವ ಆದಳು. ಶಾಲೆಗೆ ಹೋಗುವ ವಯಸ್ಸಿನವರೆಗೆ ಹೆತ್ತವಳ ಹತ್ತಿರ ಇರಲಿ ಎಂದು ಮಾತಾಯಿತು. ಆ ವಯಸ್ಸು ಈಗ ಬಂದಿತ್ತು.

ಇಪ್ಪತ್ತು ವರ್ಷ ತಾಲ್ಲೂಕಿನ ಸುದ್ದಿ ಬರೆದವನೆಂದು ಕಾಗದಪತ್ರದ ವಿಚಾರವನ್ನು ಮನೆಯವರು ನನಗೆ ವಹಿಸಿದ್ದರು. ಅಣ್ಣತಮ್ಮಂದಿರ ನಡುವೆಯೇ ಆದರೂ ನೋಂದಣಿಯಾದ ಪತ್ರ ಇರಬೇಕು, ತಾಯಿಯ ಒಪ್ಪಿಗೆ ಇಲ್ಲದೆ ಆಗುವುದಿಲ್ಲ ಎಂದು ಸವಣೂರಿನ ವಕೀಲರು ಹೇಳಿದ್ದರು. ಗಿರಿಜಾಳಿಗೆ ಇದನ್ನು ತಿಳಿಸಿದ್ದೆ. ಈರಣ್ಣ ಎಲೆಬಳ್ಳಿಯ ತೋಟ ಬಿಟ್ಟು ಬರುವಂತಿರಲಿಲ್ಲ. ಸ್ಟೇಷನ್ನಿಗೆ ಬಂದು ಹೆಂಡತಿಗೆ ಹೇಳಿದ: “ನೀ ಹೋಗಿ ನೋಡು. ಬಿಟ್ಟ ಬರೂದಾದ್ರ ಬಿಟ್ಟ ಬಾ, ಕರ್ಕೊಂಡ ಬರೂದಾದ್ರ ಕರ್ಕೊಂಡ ಬಾ. ನಾ ಏನೂ ಅನ್ನೂದಿಲ್ಲ.”

ಗಾಡಿ ಬಿಟ್ಟ ಮೇಲೆ ಗಿರಿಜಾ ನನ್ನ ಕಡೆ ತಿರುಗಿದಳು. “ಏನೂ ಅನ್ನೂದಿಲ್ಲ ಅನ್ನೂದು ಭಾಳ ಸಲೀಸ ನೋಡ ಅಣ್ಣ.” ಆಮೇಲೆ ಬ್ಯಾಗಿನ ಜಿಪ್ಪು ತೆರೆದು ತೋರಿಸಿದಳು. ಸ್ವರಾಳ ಎಲ್ಲ ಬಟ್ಟೆಗಳನ್ನೂ ಅತ್ತೆ ಮಡಿಚಿ ಇಟ್ಟಿದ್ದರು, ಉಣ್ಣೆಯ ಟೊಪ್ಪಿಗೆಯ ಸಮೇತ. ಅಡಿಯಲ್ಲಿ ಲಸಿಕೆಯ ಕಾರ್ಡು ಇತ್ತು.

ಹುಬ್ಬಳ್ಳಿಯಿಂದ ಗಾಡಿ ಹೊರಟಾಗ ಬೋಗಿಯ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಬೆಳಗಾವಿ ದಾಟುವವರೆಗೂ ಮಕ್ಕಳು ಕಿಟಕಿಗಾಗಿ ಜಗಳಾಡಿದರು. ಆಮೇಲೆ ಹತ್ತು ಹತ್ತು ನಿಮಿಷ ಸರದಿ ಹಚ್ಚಿದೆ. ಎದುರು ಸೀಟಿನಲ್ಲಿ ಘಟಪ್ರಭಾಕ್ಕೆ ಹೋಗುವ ಒಬ್ಬ ಅಜ್ಜಿ ಕುಳಿತಿದ್ದರು. ನಾವು ಬುತ್ತಿ ಬಿಚ್ಚಿದಾಗ ಅವರೂ ತಮ್ಮದನ್ನು ಬಿಚ್ಚಿದರು. ನಮ್ಮ ಶೇಂಗಾ ಚಟ್ನಿ ಅತ್ತ ಹೋಯಿತು, ಅವರ ಸಿಹಿ ಮಾದಲಿ ಇತ್ತ ಬಂತು.

“ಎಲ್ಲಿಗೆ ಹೊಂಟೀದಿ ಬಂಗಾರಿ?” ಅಜ್ಜಿ ಸ್ವರಾಳನ್ನು ಕೇಳಿದರು.

“ದೊಡ್ಡವ್ವನ ಮನೀಗೆ. ಮುಂಬೈಕ.”

“ಎಷ್ಟ ದಿನಾ ಇರಾಕಿ?”

ಸ್ವರಾ ವಿಚಾರ ಮಾಡಿ ಹೇಳಿದಳು: “ಪೆಂಗ್ವಿನ್ ನೋಡೂತನಾ.”

ಅಜ್ಜಿ ನಕ್ಕರು. ಗಿರಿಜಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕಿಟಕಿಯ ಆಚೆ ನೋಡತೊಡಗಿದಳು.

ದಾದರ್ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಇನ್ನೂ ಬಂದಿರಲಿಲ್ಲ, ಆದರೆ ಅಂಗಿ ಆಗಲೇ ಬೆನ್ನಿಗೆ ಅಂಟಿತು. ನಮ್ಮ ಕಡೆಯ ಸೆಕೆ ಒಣ ಸೆಕೆ, ಇಲ್ಲಿಯದು ಹಸಿ. ಮಲ್ಲಣ್ಣ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ವಯಸ್ಸು ಐವತ್ತರ ಹತ್ತಿರ, ಗಟ್ಟಿ ಆಳು. ಕಿವಿಯ ಮಡಿಕೆಗಳಲ್ಲಿ ತೊಳೆದರೂ ಹೋಗದ ಹಿಟ್ಟು. ಹಣ್ಣಿನ ಬುಟ್ಟಿ ನೋಡಿದವರೇ ಗಟ್ಟಿಯಾಗಿ ನಕ್ಕರು. “ಅಲ್ರಿ ಬೀಗರ, ಮುಂಬೈಗೆ ಆಪೂಸ್ ಹೊತ್ಕೊಂಡ ಬಂದೀರಲ್ರಿ! ನಾಳೆ ಸಮುದ್ರಕ್ಕೂ ಒಂದೆರಡ ಕೊಡ ನೀರ ಹಾಕ್ತೀರೇನ?”

“ತಿಂದ ನೋಡಿ ಆಮ್ಯಾಲೆ ಮಾತಾಡ್ರಿ” ಎಂದೆ.

ಟ್ಯಾಕ್ಸಿಯಲ್ಲಿ ಪರಳಕ್ಕೆ ಹತ್ತು ನಿಮಿಷ. ನಾಲ್ಕು ಅಂತಸ್ತಿನ ಹಳೆಯ ಚಾಳು. ನೆಲಮಹಡಿಯಲ್ಲಿ ಗಿರಣಿ, ಮೂರನೆಯ ಅಂತಸ್ತಿನಲ್ಲಿ ಎರಡು ಖೋಲಿಯ ಮನೆ. ಎದುರಿಗೆ ಉದ್ದದ ಪಡಸಾಲೆ, ಅದರ ತುಂಬ ಒಣಹಾಕಿದ ಬಟ್ಟೆ, ತುಳಸಿಯ ಡಬ್ಬಿಗಳು, ಸೈಕಲ್ಲುಗಳು. ಮನೆಗೆ ಹತ್ತುವ ಮೊದಲು ಮಲ್ಲಣ್ಣ ಮಕ್ಕಳಿಬ್ಬರನ್ನೂ ಗಿರಣಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು. ಸ್ವರಾ ಹದಿನಾಲ್ಕೂವರೆ ಕಿಲೋ. “ಜ್ವಾಳದ ಅರ್ಧಾ ಚೀಲಾನೂ ಇಲ್ಲಲ್ಲೋ!” ಎಂದರು. ಶರಣು, ತನ್ನ ತೂಕವನ್ನು ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕೆಂದು ಹಟ ಹಿಡಿದು ಬರೆಸಿದ.

ಸುಮಿತ್ರಾ ಬಾಗಿಲಲ್ಲೇ ನಿಂತಿದ್ದರು. ಸ್ವರಾಳನ್ನು ಎತ್ತಿಕೊಳ್ಳಲು ಕೈ ಚಾಚಿ, ಒಂದು ಗಳಿಗೆ ತಡೆದು, ಮೊದಲು ಗಿರಿಜಾಳ ಮುಖ ನೋಡಿ, ಆಮೇಲೆ ಎತ್ತಿಕೊಂಡರು. ಒಳಗಿನ ಖೋಲಿಯ ಗೋಡೆಗೆ ಒಂದು ಸಣ್ಣ ಪಲಂಗವಿತ್ತು. ಮಲ್ಲಣ್ಣ ಹಳೆಯ ಸಾಮಾನಿನ ಬಜಾರಿನಿಂದ ತಂದು ತಾವೇ ಹಳದಿ ಬಣ್ಣ ಹಚ್ಚಿದ್ದರು. ಕಪಾಟಿನ ಮೇಲೆ ಹತ್ತಿರದ ಬಾಲವಾಡಿಯ ಅರ್ಜಿಯಿತ್ತು. ಮಗುವಿನ ಹೆಸರು ತುಂಬಿತ್ತು. ತಂದೆ ತಾಯಿಯ ಹೆಸರಿನ ಸಾಲುಗಳು ಖಾಲಿಯಿದ್ದವು.

ಎರಡನೆಯ ದಿನ ಭಾಯಖಳಾದ ರಾಣಿ ಬಾಗ್‌ಗೆ ಹೋದೆವು. ಪೆಂಗ್ವಿನ್ ಇರುವ ಪ್ರಾಣಿ ಸಂಗ್ರಹಾಲಯ ಅದು. ಪರಳದಿಂದ ಲೋಕಲ್ ಗಾಡಿಯಲ್ಲಿ ಮೂರು ಸ್ಟೇಷನ್ನು, ಟಿಕೀಟು ಐದು ರೂಪಾಯಿ. ಹೆಂಗಸರು ಸ್ವರಾಳೊಂದಿಗೆ ಮಹಿಳೆಯರ ಡಬ್ಬಿಗೆ, ನಾವು ಶರಣುವಿನೊಂದಿಗೆ ಪಕ್ಕದ್ದಕ್ಕೆ. ಹತ್ತುವ ಮುಂಚೆ ಸುಮಿತ್ರಾ ಗಿರಿಜಾಳಿಗೆ ಪಾಠ ಹೇಳುತ್ತಿದ್ದರು.

“ಇಳಿಯೂ ಚಿಂತಿ ಬ್ಯಾಡ. ಬಾಗಲದ ಹತ್ತರ ನಿಂತ ಬಿಡು. ಹಿಂದಿನ ಮಂದಿನ ಇಳಸ್ತಾರ.”

“ಇಳಿಯೂದು ಬ್ಯಾಡಾಗಿದ್ರ?”

“ಆಗೂ ಇಳಸ್ತಾರ.”

ಟಿಕೀಟು ಕಿಟಕಿಯಲ್ಲಿ ತಾಯಿ, ತಂದೆ, ಇಬ್ಬರು ಮಕ್ಕಳಿಗೆ ಸೇರಿ ಒಂದು ಕುಟುಂಬದ ಟಿಕೀಟು ನೂರು ರೂಪಾಯಿ ಎಂದು ಬರೆದಿತ್ತು. ನಾವು ದೊಡ್ಡವರೇ ನಾಲ್ವರಿದ್ದೆವು. ಒಳಗಿದ್ದ ಹೆಂಗಸು ನಮ್ಮನ್ನು ನೋಡಿ ಸಹಜವಾಗಿ, “ಆಯೀ ಬಾಬಾ ಕೋಣ?” ಎಂದಳು. ತಾಯಿ ತಂದೆ ಯಾರು ಎಂಬ ಪ್ರಶ್ನೆ. ಸುಮಿತ್ರಾ ಕೈಚೀಲದಲ್ಲಿ ಏನೋ ಹುಡುಕತೊಡಗಿದರು. ಗಿರಿಜಾ ಸ್ವರಾಳ ಬೂಟಿನ ದಾರ ಕಟ್ಟಲು ಬಗ್ಗಿದಳು. ಆ ಬೂಟಿಗೆ ದಾರ ಇರಲಿಲ್ಲ. ಮಲ್ಲಣ್ಣ, “ಬ್ಯಾರೆ ಬ್ಯಾರೆ ಕೊಡ್ರಿ” ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದರು.

ಗಾಜಿನ ಆಚೆ ಪೆಂಗ್ವಿನ್‌ಗಳು ಒಂದರ ಹಿಂದೊಂದು ನೀರಿಗೆ ಬೀಳುತ್ತಿದ್ದವು. ಒಳಗಿನ ತಂಪಿಗೆ ಜನ ಕದಲುತ್ತಿರಲಿಲ್ಲ. ಸ್ವರಾ ಮೂಗನ್ನು ಗಾಜಿಗೆ ಒತ್ತಿ ನಿಂತವಳು ಬಹಳ ಹೊತ್ತಿನ ಮೇಲೆ ತಿರುಗಿ, “ನೋಡಿದೆ. ಇನ್ನ ಊರಿಗೆ ಹೋಗೂಣು” ಎಂದಳು. ಸುಮಿತ್ರಾ ಕುಳಿತು ಅವಳ ಮುಖದ ಎತ್ತರಕ್ಕೆ ಬಂದು, “ಇನ್ನಾ ಸಮುದ್ರ ಐತಿ ನನ್ನವ್ವ. ಸಮುದ್ರ ನೋಡೂದಿಲ್ಲೇನ?” ಎಂದರು. ಆ ಮಾತಿನಲ್ಲಿ ಬೇಡಿಕೊಳ್ಳುವ ದನಿ ಇತ್ತು. ಸ್ವರಾ ಒಪ್ಪಿದಳು.

ಆ ಎರಡು ದಿನಗಳಲ್ಲಿ ನಾನು ಗಮನಿಸಿದ್ದು ಇಷ್ಟು. ಗಿರಿಜಾ ಮಗಳಿಂದ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತಿದ್ದಳು. ಸ್ನಾನ ಮಾಡಿಸುವುದು, ಜಡೆ ಹಾಕುವುದು, ಉಣಿಸುವುದು ಎಲ್ಲವನ್ನೂ ಸುಮಿತ್ರಾರ ಕೈಗೆ ಬಿಟ್ಟಳು. ಮಗು ತನ್ನನ್ನೇ ಬೇಡಿದರೆ, “ದೊಡ್ಡವ್ವ ಮಾಡ್ತಾಳ ಹೋಗು” ಎನ್ನುತ್ತಿದ್ದಳು. ಹೇಳಿ ಬೇರೆ ಕಡೆ ನೋಡುತ್ತಿದ್ದಳು. ಸುಮಿತ್ರಾ ಅದನ್ನೆಲ್ಲ ಪ್ರೀತಿಯಿಂದ, ಹುಷಾರಾಗಿ, ಬೇರೆಯವರ ಮನೆಯ ಬೆಲೆಬಾಳುವ ಪಾತ್ರೆ ಹಿಡಿದವರಂತೆ ಮಾಡುತ್ತಿದ್ದರು. ಇಬ್ಬರ ನಡುವೆ ಒಂದು ಬಿರುಸು ಮಾತಿಲ್ಲ. ಮಲ್ಲಣ್ಣ ನನಗೆ, “ನೆಗೆಣ್ಯಾರು ಇಷ್ಟ ಚೊಲೊ ಇದ್ರ ನಮ್ಮಂಥವರು ನ್ಯಾಯಾ ಬಿಡಸೂದ್ಯಾರದ್ರಿ?” ಎಂದು ಚಾಷ್ಟಿ ಮಾಡಿದರು.

ಮೂರನೆಯ ದಿನ ಜುಹು. ಮಲ್ಲಣ್ಣನವರಿಗೆ ಗಿರಣಿ ಬಿಡುವಂತಿರಲಿಲ್ಲ. ನಾವು ಐವರು ಸ್ಟೇಷನ್ನಿನ ಸೇತುವೆ ದಾಟಿ ಪಶ್ಚಿಮದ ಲೈನಿನ ಗಾಡಿಯಲ್ಲಿ ವಿಲೇಪಾರ್ಲೆಗೆ, ಅಲ್ಲಿಂದ ಎರಡು ರಿಕ್ಷಾದಲ್ಲಿ ಸಮುದ್ರಕ್ಕೆ ಹೋದೆವು. ಮಧ್ಯಾಹ್ನ ಮೂರೂವರೆ. ನೀರು ದೂರದಲ್ಲಿತ್ತು, ನಡುವೆ ಒದ್ದೆಯಾದ ಸಪಾಟು ಮರಳು, ಕಬ್ಬಿಣದ ತಗಡಿನ ಹಾಗೆ ಹೊಳೆಯುತ್ತಿತ್ತು. ಶರಣು ನಿಂತುಬಿಟ್ಟ. “ಆಚಿ ದಂಡಿ ಎಲ್ಲೈತಿ ಮಾಮಾ?” ಆಚೆ ದಂಡೆ ಇಲ್ಲಿಂದ ಕಾಣುವುದಿಲ್ಲ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ.

ಹದಿನಾರು ವರ್ಷ ಮುಂಬೈಯಲ್ಲಿದ್ದರೂ ಸುಮಿತ್ರಾ ಸಮುದ್ರಕ್ಕೆ ಬಂದದ್ದು ಇದು ನಾಲ್ಕನೆಯ ಸಲವಂತೆ. “ಊರಿಂದ ಯಾರರ ಬಂದ್ರ ಬರೂದು. ನಾವ ಇಬ್ಬರ ಬಂದು ಏನ ಮಾಡೂದೈತ್ರಿ ಇಲ್ಲೆ?” ಎಂದರು.

ಕೆರೆಯ ದಂಡೆಯಲ್ಲಿ ಕೂಡುವ ಹಾಗೆ ನಾವು ಕೂತೆವು. ನಮ್ಮಲ್ಲಿ ಬಟ್ಟೆ ಒಗೆಯಲು ಹೋದರೂ, ಉಣ್ಣಲು ಕೂತರೂ ನೀರಿನಿಂದ ನಾಲ್ಕು ಮಾರು ಈಚೆ ಗಂಟು ಇಡುತ್ತೇವೆ. ಸಂಜೆಯವರೆಗೂ ನೀರು ಅಲ್ಲೇ ಇರುತ್ತದೆ. ಇಲ್ಲಿಯೂ ಹಾಗೇ ಬ್ಯಾಗು, ಚಪ್ಪಲಿ, ಬುತ್ತಿ ಎಲ್ಲವನ್ನೂ ಒದ್ದೆ ಮರಳಿನ ಮೇಲೆ ಸಾಲಾಗಿ ಇಟ್ಟೆವು. ಆ ಮರಳು ಯಾಕೆ ಒದ್ದೆಯಾಗಿದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಗಿರಿಜಾ ಬ್ಯಾಗಿನ ಒಂದು ಬದಿಗೆ, ಸುಮಿತ್ರಾ ಇನ್ನೊಂದು ಬದಿಗೆ ಕೂತರು. ಮಕ್ಕಳು ಎದುರಿಗೆ ಪಾದ ಮುಳುಗುವಷ್ಟು ನೀರಿನಲ್ಲಿ ಆಡುತ್ತಿದ್ದರು. ಅಲೆ ಬಂದಾಗ ಸ್ವರಾ ಓಡಿ ಬರುವಳು, ಹೋದಾಗ ಬೆನ್ನಟ್ಟುವಳು. ಒಂದು ತಾಸು ಹೀಗೇ ಕಳೆಯಿತು.

ಶರಣು ಸುಟ್ಟ ಮೆಕ್ಕೆಜೋಳ ಬೇಕೆಂದ. ಅವನನ್ನು ಕರೆದುಕೊಂಡು ಗಾಡಿಗಳ ಕಡೆ ನಡೆದೆ. ತೆನೆ ಹಿಡಿದು ತಿರುಗಿ ಬರುವಾಗ ಸುಮಾರು ಎಂಬತ್ತು ಹೆಜ್ಜೆ ದೂರದಿಂದ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ನೀರು ಬ್ಯಾಗಿನ ಹತ್ತಿರಕ್ಕೆ ಬಂದಿತ್ತು. ಸ್ವರಾ ಮೊದಲು ಆಡುತ್ತಿದ್ದ ಜಾಗದಲ್ಲೇ ಇದ್ದಳು. ಆದರೆ ಈಗ ನೀರು ಅವಳ ಮೊಣಕಾಲಿಗಿಂತ ಮೇಲಿತ್ತು. ಅವಳು ದಂಡೆಯ ಕಡೆ ಮುಖ ಮಾಡಿ, ಎರಡೂ ಕೈ ಎತ್ತಿ, “ಅವ್ವಾ” ಎಂದು ಕೂಗಿದಳು. ಇಬ್ಬರು ಹೆಂಗಸರೂ ಅವಳನ್ನೇ ನೋಡುತ್ತಿದ್ದರು. ಇಬ್ಬರೂ ಏಳಲಿಲ್ಲ. ಮಗು ಇನ್ನೊಮ್ಮೆ ಕೂಗಿತು. ಗಿರಿಜಾ ಸುಮಿತ್ರಾರ ಕಡೆ ನೋಡಿದಳು, ಸುಮಿತ್ರಾ ಗಿರಿಜಾಳ ಕಡೆ ನೋಡಿದರು. ಅಷ್ಟರಲ್ಲಿ ಅಲೆ ಹಿಂದಿನಿಂದ ಬಂದು ಸ್ವರಾಳನ್ನು ಕೆಡವಿತು. ಅವಳು ಕಾಣಲಿಲ್ಲ.

ನಾನು ಓಡಿದೆ. ಇಬ್ಬರೂ ಹೆಂಗಸರು ಎದ್ದು ಓಡಿದರು. ನಮಗಿಂತ ಮೊದಲು, ಕಚ್ಚೆ ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತಿದ್ದ ಒಬ್ಬ ಮರಾಠಿ ಮುದುಕಿ ಬಗ್ಗಿ, ಮಗುವಿನ ತೋಳು ಹಿಡಿದು ಮೇಲೆತ್ತಿದ್ದಳು. ಸ್ವರಾ ಕೆಮ್ಮಿ, ನೀರು ಕಾರಿ, ಆಮೇಲೆ ಅತ್ತಳು. ಅಳು ಕೇಳಿದ ಮೇಲೆ ನಾನು ಓಡುವುದನ್ನು ನಿಲ್ಲಿಸಿದೆ. ಮುದುಕಿ ನಮ್ಮನ್ನು ಚೆನ್ನಾಗಿ ಬೈದಳು. ನೀರು ಏರುವ ಭರತದ ಹೊತ್ತಿನಲ್ಲಿ ಕೂಸನ್ನು ನೀರಿಗೆ ಬಿಟ್ಟು ಇಷ್ಟು ಜನ ಕೂತು ನೋಡುತ್ತೀರಲ್ಲ, ಕಣ್ಣಿಲ್ಲವೇ ಎಂದಳು. ನಾವು ಕೈ ಮುಗಿದೆವು. ಅವಳು ಸ್ವರಾಳ ತಲೆಯನ್ನು ತನ್ನ ಸೆರಗಿನಿಂದ ಒರೆಸಿ, ಇನ್ನೂ ಬೈಯುತ್ತಲೇ ಹೋದಳು.

ಬ್ಯಾಗು ನೆನೆದಿತ್ತು. ರೊಟ್ಟಿ ಉಪ್ಪುನೀರಿನಲ್ಲಿ ಕರಗಿತ್ತು. ಶರಣುವಿನ ಎಡಗಾಲಿನ ಚಪ್ಪಲಿ ಇರಲಿಲ್ಲ. “ಸಮುದ್ರ ಒಂದ ಚಪ್ಪಲಿ ತಗೊಂಡು ಏನ ಮಾಡ್ತೈತಿ ಮಾಮಾ?” ಎಂದು ಅವನು ಕೇಳಿದ. ವಾಪಸು ಬರುವಾಗ ಲೋಕಲ್ಲಿನಲ್ಲಿ ಸ್ವರಾ ತಾಯಿಯ ಹೆಗಲಿಗೆ ಬಿದ್ದು ಮಲಗಿದ್ದಳೆಂದು ಆಮೇಲೆ ತಿಳಿಯಿತು. ಅಷ್ಟು ದಿನಗಳಲ್ಲಿ ಗಿರಿಜಾ ಅವಳನ್ನು ಎತ್ತಿಕೊಂಡಿದ್ದು ಅದೇ ಮೊದಲು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಒಳಗೆ ಇಬ್ಬರೂ ರೊಟ್ಟಿ ಮಾಡುತ್ತಿದ್ದರು. ಸುಮಿತ್ರಾ ಬಡಿಯುವುದು, ಗಿರಿಜಾ ಬೇಯಿಸುವುದು. ಬಡಿಯುವ ಸದ್ದು ನಡುವೆ ನಿಂತಿತು.

“ನಿನ್ನಿ ಆಕಿ ಅವ್ವಾ ಅಂದದ್ದು ನನಗ ಕೇಳಿಸ್ತು” ಎಂದರು ಸುಮಿತ್ರಾ. “ನಿನ್ನ ಕರದ್ಲು ಅಂತ ನಾ ಕುಂತೆ.”

ಗಿರಿಜಾ ಹೇಳಿದಳು: “ನನಗೂ ಕೇಳಿಸ್ತು ಅಕ್ಕಾ. ನೀವ ಹೋಗ್ಲಿ ಅಂತ ನಾ ಕುಂತೆ. ಊರ ಬಿಟ್ಟಾಗಿಂದ ಮನಸ ಗಟ್ಟಿ ಮಾಡಾಕತ್ತೇನಿ. ಆಕಿ ಕರದಕೂಡ್ಲೆ ಏಳಬಾರದು, ಇಬ್ಬರಿಗೂ ರೂಢಿ ಆಗ್ಲಿ ಅಂತ.”

“ಹಂಗಾರ ಆ ಹೊತ್ತಿನ್ಯಾಗ ಆಕಿಗೆ ಯಾರೂ ಇರಲಿಲ್ಲ.”

ಸುಮಿತ್ರಾ ಮುಂದುವರಿದರು. “ನನಗ ಮಗಳ ಬೇಕ ಗಿರಿಜಾ. ಸುಳ್ಳ ಹೇಳೂದಿಲ್ಲ. ಆದ್ರ ಇಕಿ ಬಂದಾಗಿಂದ ನೋಡಾಕತ್ತೇನಿ. ಎತ್ಕೊಳ್ಳಾಕ ಹ್ವಾದ್ರ ಮದಲ ನಿನ್ನ ಮಾರಿ ನೋಡ್ತೇನಿ. ಉಣಸಾಕ ಕುಂತ್ರ ನಿನ್ನ ಮಾರಿ ನೋಡ್ತೇನಿ. ನೀ ಊರಿಗೆ ಹ್ವಾದ ಮ್ಯಾಲೂ ನೋಡ್ತೇನಿ. ಆಕಿ ಅಲ್ಲಿ ನೀರಾಗ ನಿಂತಿರ್ತಾಳ.”

“ರೂಢಿ ಆಗ್ತೈತಿ ಅಕ್ಕಾ.”

“ನಿನಗ ಆಗ್ತೈತೇನು?”

ಗಿರಿಜಾ ಅಳುತ್ತಿದ್ದಳೆಂದು ದನಿಯಿಂದ ತಿಳಿಯಿತು. “ಅತ್ತಿ ಮಂದಿ ಮುಂದ ಮಾತ ಕೊಟ್ಟಾರ. ಹೊಳ್ಳಿ ಕರ್ಕೊಂಡ ಹ್ವಾದ್ರ ಅವರಿಗೆ ಏನ ಹೇಳ್ಲಿ? ಮಾತ ತಪ್ಪಿಸಿದಾಕಿ ನಾ ಆಗ್ತೇನಿ.”

“ಅದಕ್ಕ ಏನರ ಮಾಡೂಣು. ರೊಟ್ಟಿ ಸೀಯಾಕತ್ತೈತಿ, ತಿರುವು.”

ಬಡಿಯುವ ಸದ್ದು ಮತ್ತೆ ಶುರುವಾಯಿತು.

ಆ ಮಧ್ಯಾಹ್ನ ಮಲ್ಲಣ್ಣ ಗಿರಣಿಗೆ ಬೀಗ ಹಾಕಿದರು. ಯಾರೋ ಗೋಧಿಯ ಡಬ್ಬಿ ಹಿಡಿದು ಬಂದವರನ್ನು ನಾಳೆ ಬರಲು ಹೇಳಿದರು. ಎಲ್ಲರೂ ಎರಡಂತಸ್ತಿನ ಬಸ್ಸಿನ ಮೇಲಿನ ಮುಂದಿನ ಸೀಟಿನಲ್ಲಿ ಕೂತು ಗೇಟ್‌ವೇಗೆ ಹೋದೆವು. ಶರಣು, ಇಲ್ಲದ ಸ್ಟಿಯರಿಂಗ್ ತಿರುಗಿಸುತ್ತ ಬಸ್ಸು ಓಡಿಸಿದ. ಬಂದರಿನ ಸುತ್ತ ಒಂದು ಸುತ್ತು ಹಾಕುವ ಲಾಂಚು ಹತ್ತಿದೆವು. ಹಕ್ಕಿಗಳು ಹಿಂದೆಯೇ ಹಾರಿ ಬಂದವು. ದೂರದಲ್ಲಿ ಹಡಗುಗಳು ನಿಂತಿದ್ದವು. ಸ್ವರಾ ಒಂದೊಂದಕ್ಕೂ ಕೈ ಬೀಸಿದಳು. ನಿನ್ನೆಯ ನೀರಿನ ಹೆದರಿಕೆ ಅವಳಿಗಿರಲಿಲ್ಲ. ಆದರೆ ಇಬ್ಬರು ಹೆಂಗಸರೂ ಅವಳ ಲಂಗದ ಒಂದೊಂದು ಚುಂಗು ಹಿಡಿದು ಕೂತಿದ್ದರು.

ಮಲ್ಲಣ್ಣ ನನ್ನ ಪಕ್ಕಕ್ಕೆ ಬಂದು ನಿಂತರು. “ನಮ್ಮಾಕಿ ಎಲ್ಲಾ ಹೇಳಿದ್ಲ್ರಿ ಬೀಗರ. ಕೂಸ ಬೇಕು ಅಂದಾಗ ನಾ ಹೂಂ ಅಂದಿದ್ದೆ. ಈಗ ಬ್ಯಾಡ ಅಂತಾಳ, ಹೂಂ ಅಂದೇನಿ.” ಲಾಂಚು ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು: “ಆ ಪಲಂಗಕ್ಕ ಎರಡ ಸಲ ಬಣ್ಣಾ ಹೊಡದೇನ್ರಿ. ಮದಲ್ನೇದು ಚೊಲೊ ಕುಂದರಲಿಲ್ಲ ಅಂತ.”

ಲಾಂಚು ತಿರುಗಿ ದಂಡೆಯ ಕಡೆ ಬಂತು.

ಐದನೆಯ ದಿನ ಹೊರಡುವ ಮುಂಚೆ ಸುಮಿತ್ರಾ ಗಿರಿಜಾಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ಇಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ರವಿಕೆಯ ಖಣ. ಎದ್ದೇಳಲು ಹೋದ ಗಿರಿಜಾಳನ್ನು ತಡೆದು, ಪಡಸಾಲೆಯಲ್ಲಿ ಆಡುತ್ತಿದ್ದ ಸ್ವರಾಳನ್ನು ಕರೆದರು. ಈ ಸಲ ಯಾರ ಮುಖವನ್ನೂ ನೋಡದೆ ಅವಳನ್ನು ಎತ್ತಿ ಮೊದಲು ತಮ್ಮ ತೊಡೆಯ ಮೇಲೆ, ಸೆರಗಿನಲ್ಲಿ ಕೂಡಿಸಿಕೊಂಡರು. ಹಾಗೇ ಒಂದೆರಡು ನಿಮಿಷ ಕೂತಿದ್ದರು. ಆಮೇಲೆ ಎತ್ತಿ ಗಿರಿಜಾಳ ಉಡಿಯಲ್ಲಿ, ಅಕ್ಕಿಯ ಮೇಲೆ ಇಟ್ಟರು.

“ಅತ್ತಿ ಇಕಿನ್ನ ನನಗ ಕೊಟ್ಟಾರ, ನಾ ಇಸ್ಕೊಂಡೇನಿ. ಈಗ ಇಕಿ ನನ್ನ ಮಗಳು. ನನ್ನ ಮಗಳನ್ನ ನಾ ನಿನ್ನ ಉಡಿಯಾಗ ಹಾಕಾಕತ್ತೇನಿ. ಯಾರ ಮಾತೂ ತಪ್ಪಲಿಲ್ಲ. ಹೋಗಿ ಹಿಂಗ ಹೇಳು.”

“ದೊಡ್ಡವ್ವಾ, ಅಕ್ಕಿ ಚುಚ್ಚಾಕತ್ತಾವ” ಎಂದಳು ಸ್ವರಾ.

ಮಲ್ಲಣ್ಣ ಕೆಳಗೆ ಟ್ಯಾಕ್ಸಿ ನಿಲ್ಲಿಸುವ ನೆಪದಲ್ಲಿ ಆಗಲೇ ಇಳಿದು ಹೋಗಿದ್ದರು.

ದಾದರ್‌ನಲ್ಲಿ ಗಾಡಿ ನಿಲ್ಲುವ ಹೊತ್ತು ಕಡಿಮೆ. ಸಾಮಾನು ಏರಿಸುವಷ್ಟರಲ್ಲಿ ಸಿಗ್ನಲ್ ಬಿತ್ತು. ಸುಮಿತ್ರಾ ಅಳಲಿಲ್ಲ. ದೀಪಾವಳಿಗೆ ಬರುವುದಾಗಿ ಹೇಳಿದರು. ಜಡೆ ಬಿಗಿಯಾಗಿ ಹಾಕಬೇಡ, ಅವಳಿಗೆ ತಲೆ ನೋಯುತ್ತದೆ ಎಂದು ಗಿರಿಜಾಳಿಗೆ ತಿಳಿಸಿದರು. ನಾಲ್ಕು ವರ್ಷ ಆ ಜಡೆ ಹಾಕಿದವಳು ಗಿರಿಜಾ. ಅವಳು, “ಆತ್ರಿ ಅಕ್ಕಾ, ಸಡ್ಲ ಹಾಕ್ತೇನಿ” ಎಂದಳು.

ಮರುದಿನ ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಬಿಸಿಲೇರಿದ ಹೊತ್ತಿಗೆ ಯಲವಿಗಿಯಲ್ಲಿ ಇಳಿದೆವು. ಈರಣ್ಣನ ಜೊತೆ ನಿಂಗವ್ವನವರೂ ಬಂದಿದ್ದರು. ಮೊದಲು ಶರಣು ಇಳಿದ, ಹೊಸ ಚಪ್ಪಲಿಯಲ್ಲಿ. ಆಮೇಲೆ ನಾನು. ಆಮೇಲೆ ಗಿರಿಜಾ ಬಾಗಿಲಲ್ಲಿ ಕಾಣಿಸಿದಳು, ಕಂಕುಳಲ್ಲಿ ಸ್ವರಾ. ಈರಣ್ಣ ಮುಂದೆ ಹೋಗಿ ಮಗಳನ್ನು ಇಳಿಸಿಕೊಂಡ. ಏನೂ ಅನ್ನುವುದಿಲ್ಲ ಎಂದಿದ್ದವನು ಏನೂ ಅನ್ನಲಿಲ್ಲ. ಆದರೆ ಮಗಳನ್ನು ಕೆಳಗೆ ಬಿಡಲಿಲ್ಲ. ನಿಂಗವ್ವ ನಿಂತಲ್ಲೇ ನಿಂತಿದ್ದರು. ಗಿರಿಜಾ ಹತ್ತಿರ ಹೋಗಿ, ಜುಹುವಿನಲ್ಲಿ ನಡೆದದ್ದನ್ನೂ ಉಡಿಯ ಮುಂದೆ ಸುಮಿತ್ರಾ ಆಡಿದ ಮಾತನ್ನೂ ಒಂದು ಶಬ್ದ ಬಿಡದೆ ಹೇಳಿದಳು.

ನಿಂಗವ್ವ ಕೇಳಿಸಿಕೊಂಡರು. ಆಮೇಲೆ ಮಗನ ಕಡೆ ಕೈ ಚಾಚಿ, “ಫೋನ್ ಹಚ್ಚಿ ಕೊಡು, ಸುಮಿತ್ರಾಗ” ಎಂದರು. ತಾನು ಸೊಸೆಯಾಗಿ ಬಂದಾಗಿನಿಂದ ಅವರು ತಾವಾಗಿ ಹಿರಿಯ ಸೊಸೆಗೆ ಫೋನ್ ಮಾಡಿದ್ದನ್ನು ನೋಡಿಲ್ಲ ಎಂದು ಗಿರಿಜಾ ಆಮೇಲೆ ನನಗೆ ಹೇಳಿದಳು. ಮಾಡಿದರೆ ಮಗನಿಗೆ.

“ನಾನವ್ವ, ನಿಮ್ಮತ್ತಿ” ಎಂದು ನಿಂಗವ್ವ ಗಟ್ಟಿಯಾಗಿ ಹೇಳಿದರು. “ಹುಡುಗೂರು ಮುಟ್ಟಿದ್ರು. ಹೂಂ, ಇಬ್ಬರೂ.” ಸೆರಗು ಸರಿ ಮಾಡಿಕೊಂಡರು. “ನೀ ಉಂಡೀ ಏನವಾ?”

ಅತ್ತಲಿಂದ ಬಂದ ಉತ್ತರ ನನಗೆ ಕೇಳಿಸಲಿಲ್ಲ. ನಾವು ಇಳಿದ ಗಾಡಿ ಹರಿಹರದ ಕಡೆ ಹೊರಟಿತು. ಅದರ ಸದ್ದಿನಲ್ಲಿ ನಿಂಗವ್ವ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಫೋನನ್ನು ಇನ್ನಷ್ಟು ಒತ್ತಿ ಹಿಡಿದು, ಕೇಳುತ್ತ ನಿಂತರು.